ರಜೆ ದಿನ ಬೆಳಗ್ಗೆ ಒಂಬತ್ತಕ್ಕೆ ಫೋನ್ ಬಂದರೆ

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ 29 ವರ್ಷ. ದಾವಣಗೆರೆಯ ಒಂದು ದೊಡ್ಡ ಬಟ್ಟೆ ಅಂಗಡಿಯ ಸೀರೆ ಸೆಕ್ಷನ್‌ನಲ್ಲಿ ನಾಲ್ಕು ವರ್ಷದಿಂದ ಕೆಲಸಕ್ಕಿದ್ದೇನೆ. ಸಂಬಳ ತಿಂಗಳಿಗೆ 18,200 ರೂಪಾಯಿ. ಭಾನುವಾರ ವ್ಯಾಪಾರ ಜಾಸ್ತಿ, ಹಾಗಾಗಿ ನನ್ನ ವೀಕ್ಲಿ ಆಫ್ ಮಂಗಳವಾರ. ಎರಡು ತಿಂಗಳಿಂದ ಮಂಗಳವಾರ ಬೆಳಗ್ಗೆ ಒಂಬತ್ತಕ್ಕೆ ಫ್ಲೋರ್ ಮ್ಯಾನೇಜರ್ ಸರ್ ಫೋನ್ ಬಂದೇ ಬರುತ್ತದೆ. ‘ಇಬ್ಬರು ಬಂದಿಲ್ಲಮ್ಮ, ಇವತ್ತೊಂದು ದಿನ ಬಂದುಬಿಡು’ ಅನ್ನುತ್ತಾರೆ. ಎಂಟು ಮಂಗಳವಾರದಲ್ಲಿ ಐದು ಸಲ ಹೋಗಿದ್ದೇನೆ. ಬದಲಿ ರಜೆ ಕೊಡುತ್ತೇನೆ ಅಂದಿದ್ದರು, ಒಂದೂ ಸಿಕ್ಕಿಲ್ಲ. ಹೋದ ವಾರ ಅಮ್ಮನನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಿತ್ತು. ಪೊರೆ ಆಪರೇಷನ್ ಆದಮೇಲಿನ ತಪಾಸಣೆ. ಅದನ್ನೂ ಬಿಟ್ಟು ಅಂಗಡಿಗೆ ಹೋದೆ. ಅಮ್ಮ ಪಕ್ಕದ ಮನೆಯವರ ಜೊತೆ ಹೋಗಿಬಂದರು. ನನ್ನ ಜೊತೆ ಕೆಲಸ ಮಾಡುವವಳೊಬ್ಬಳು ರಜೆ ದಿನ ಫೋನೇ ಎತ್ತುವುದಿಲ್ಲ. ಅವಳಿಗೆ ಯಾರೂ ಏನೂ ಅನ್ನುವುದಿಲ್ಲ. ನನಗೆ ಹಾಗೆ ಮಾಡಲು ಭಯ. ಯಜಮಾನರು ಹರಿಹರದಲ್ಲಿ ಕಾರ್ಖಾನೆ ಕೆಲಸದಲ್ಲಿದ್ದಾರೆ, ಅವರಿಗೂ ಇದೇ ಗೋಳು. ‘ಆಗಲ್ಲ’ ಅನ್ನುವುದು ಹೇಗೆ?

ಉತ್ತರ: ನಿಮಗೆ ಫೋನ್ ಮಾಡುವ ಆ ಕುರ್ಚಿಯಲ್ಲಿ ನಾನೇ ಹತ್ತೊಂಬತ್ತು ವರ್ಷ ಕೂತಿದ್ದೆ. ಮೂರು ಊರು, ನಾಲ್ಕು ಅಂಗಡಿ. ಹಾಗಾಗಿ ಮೊದಲು ಆ ಕಡೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಅದು ಗೊತ್ತಾದರೆ ನಿಮ್ಮ ಅರ್ಧ ಭಯ ಹೋಗುತ್ತದೆ.

ಬೆಳಗ್ಗೆ ಎಂಟೂ ಮುಕ್ಕಾಲಿಗೆ ಒಬ್ಬ ಹುಡುಗನ ಮೆಸೇಜ್ ಬರುತ್ತದೆ, ‘ಜ್ವರ ಸರ್’. ಐದು ನಿಮಿಷಕ್ಕೆ ಇನ್ನೊಬ್ಬರದ್ದು. ಹತ್ತಕ್ಕೆ ಶಟರ್ ಎತ್ತಬೇಕು. ಮ್ಯಾನೇಜರ್ ಮುಂದೆ ಡ್ಯೂಟಿ ಚಾರ್ಟ್ ಇರುತ್ತದೆ. ಇವತ್ತು ಆಫ್ ಇರುವ ಮೂರು ಹೆಸರು ಕಾಣುತ್ತವೆ. ಆಗ ಅವರು ‘ಯಾರಿಗೆ ಕಷ್ಟ ಕಡಿಮೆ’ ಅಂತ ಯೋಚಿಸುವುದಿಲ್ಲ. ‘ಯಾರು ಹೋದ ಸಲ ಬಂದಿದ್ದರು’ ಅಂತಲೂ ನೆನಪು ಮಾಡಿಕೊಳ್ಳುವುದಿಲ್ಲ. ‘ಯಾರು ಒಂದೇ ಫೋನಿಗೆ ಹ್ಞೂಂ ಅನ್ನುತ್ತಾರೆ’, ಅಷ್ಟೇ. ಹೆಬ್ಬೆರಳು ತಾನಾಗಿ ಆ ಹೆಸರಿನ ಮೇಲೆ ಹೋಗುತ್ತದೆ. ನಿಮ್ಮ ಅಂಗಡಿಯಲ್ಲಿ ಆ ಹೆಸರು ನಿಮ್ಮದು. ಫೋನ್ ಎತ್ತದ ನಿಮ್ಮ ಗೆಳತಿಯನ್ನು ಅವರು ಬೈಯುತ್ತಿಲ್ಲ, ಯಾಕೆಂದರೆ ಅವಳ ಹೆಸರನ್ನು ತಲೆಯಲ್ಲೇ ಪಟ್ಟಿಯಿಂದ ತೆಗೆದಾಗಿದೆ. ಅವಳ ಮೇಲೆ ಸಿಟ್ಟೂ ಇಲ್ಲ, ನಿಮ್ಮ ಮೇಲೆ ವಿಶೇಷ ಪ್ರೀತಿಯೂ ಇಲ್ಲ.

ಇದನ್ನು ಬರೆಯುವಾಗ ನನಗೆ ಒಬ್ಬ ಹುಡುಗ ನೆನಪಾಗುತ್ತಾನೆ. ಶರ್ಟಿಂಗ್ ಸೆಕ್ಷನ್‌ನವನು, ಇಪ್ಪತ್ತೆರಡು ವರ್ಷ. ಶ್ರಾವಣದ ಸೀಸನ್. ಅವನ ಆಫ್ ದಿನ ಫೋನ್ ಮಾಡಿ ‘ಒಂದು ಹೊತ್ತಾದರೂ ಬಾರೋ’ ಅಂದೆ. ‘ಆಯ್ತು ಮೇಡಂ’ ಅಂದ. ಬಂದ. ಮಧ್ಯಾಹ್ನ ಮೂರರ ಹೊತ್ತಿಗೆ ಅವನು ಬಗ್ಗಿ ಥಾನು ಎತ್ತುವಾಗ ನೋಡುತ್ತೇನೆ, ಕಾಲರಿನ ಮಡಿಕೆಯಲ್ಲಿ ಎರಡು ಅಕ್ಷತೆ ಕಾಳು. ಕೇಳಿದೆ. ‘ಅಕ್ಕನ ನಿಶ್ಚಿತಾರ್ಥ ಇತ್ತು ಮೇಡಂ, ತಾಂಬೂಲ ಬದಲಾಯಿಸಿದ ತಕ್ಷಣ ಬಂದೆ’ ಅಂದ. ಊಟಕ್ಕೂ ನಿಂತಿರಲಿಲ್ಲ. ಅವನು ಹೇಳಿದ್ದರೆ ನಾನು ಖಂಡಿತ ಬೇಡ ಅನ್ನುತ್ತಿದ್ದೆ. ಆದರೆ ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಆವತ್ತಿನಿಂದ ನಾನು ಫೋನ್ ಮಾಡುವ ರೀತಿ ಬದಲಾಯಿಸಿಕೊಂಡೆ. ಆದರೆ ಎಲ್ಲ ಮ್ಯಾನೇಜರ್‌ಗಳಿಗೂ ಅಕ್ಷತೆ ಕಾಳು ಕಾಣುವುದಿಲ್ಲ. ಅದಕ್ಕೇ ನೀವು ಬಾಯಿ ಬಿಡಬೇಕು.

ಈಗ ‘ಆಗಲ್ಲ’ ಅನ್ನುವ ವಿಷಯ.

ನೀವು ಏನು ಹೇಳುತ್ತೀರಿ ಅಂತ ನನಗೆ ಗೊತ್ತು. ‘ಸರ್, ಅಮ್ಮನಿಗೆ ಕಣ್ಣು ತೋರಿಸಬೇಕಿತ್ತು...’ ಅಂತ ಶುರು ಮಾಡುತ್ತೀರಿ. ಆ ಕಡೆಯಿಂದ ‘ಎಷ್ಟೊತ್ತಿಗೆ?’ ಅಂತ ಬರುತ್ತದೆ. ‘ಹನ್ನೊಂದಕ್ಕೆ ಸರ್.’ ‘ಸರಿ, ಮುಗಿಸಿಕೊಂಡು ಒಂದು ಗಂಟೆಗೆ ಬಾ.’ ಮುಗಿಯಿತು. ನಿಮ್ಮ ಕಾರಣವೇ ಅವರ ಕೈಗೆ ಹಿಡಿ ಆಯಿತು. ಕಾರಣ ಕೊಟ್ಟ ತಕ್ಷಣ ಚೌಕಾಸಿ ಶುರುವಾಗುತ್ತದೆ. ನೀವು ದಿನವೂ ಗಿರಾಕಿಗಳ ಜೊತೆ ಚೌಕಾಸಿ ಮಾಡುವವರು, ಇದು ನಿಮಗೆ ಗೊತ್ತಿರುವ ವಿಷಯವೇ. ‘ಈ ಸೀರೆ ಬಾರ್ಡರ್ ಸ್ವಲ್ಪ ಚಿಕ್ಕದು’ ಅಂತ ಗಿರಾಕಿ ಅಂದರೆ ನೀವು ದೊಡ್ಡ ಬಾರ್ಡರ್ ತೆಗೆದು ತೋರಿಸುತ್ತೀರಿ. ‘ಬೇಡ ಕಣ್ರೀ’ ಅಂತ ಮಾತ್ರ ಅಂದರೆ ಮಡಚಿ ಇಡುತ್ತೀರಿ.

ಹಾಗಾಗಿ ಮೂರೇ ಮಾತು: ‘ಸರ್, ಇವತ್ತು ನನ್ನ ಆಫ್. ಬರೋಕೆ ಆಗಲ್ಲ. ನಾಳೆ ಹತ್ತಕ್ಕೆ ಸರಿಯಾಗಿ ಇರ್ತೀನಿ.’

ಇಷ್ಟು ಹೇಳಿ ಸುಮ್ಮನಾಗಿ. ಆ ಕಡೆ ನಾಲ್ಕೈದು ಸೆಕೆಂಡ್ ಮೌನ ಇರುತ್ತದೆ. ಆ ಮೌನ ತಡೆಯಲಾಗದೆ ಜನ ‘ಇಲ್ಲ ಸರ್, ಅದು ಏನಂದ್ರೆ...’ ಅಂತ ಶುರು ಮಾಡಿ ಸಿಕ್ಕಿಹಾಕಿಕೊಳ್ಳುತ್ತಾರೆ. ಆ ಮೌನದಲ್ಲಿ ಅವರು ನಿಮ್ಮ ಮೇಲೆ ಕೋಪ ಮಾಡಿಕೊಳ್ಳುತ್ತಿಲ್ಲ, ಚಾರ್ಟ್‌ನಲ್ಲಿ ಮುಂದಿನ ಹೆಸರು ನೋಡುತ್ತಿದ್ದಾರೆ. ಇದನ್ನು ನಾನು ನೂರಾರು ಸಲ ಮಾಡಿದ್ದೇನೆ. ಮತ್ತೆ ಒತ್ತಾಯ ಮಾಡಿದರೆ ಅದೇ ಮಾತು, ಅದೇ ದನಿ: ‘ಆಗಲ್ಲ ಸರ್, ಇವತ್ತು ಆಫ್ ಇದೆ.’ ಎರಡನೇ ಸಲ ಹೊಸ ಮಾತು ಸೇರಿಸಬೇಡಿ. ದನಿ ಏರಿಸುವುದೂ ಬೇಡ.

‘ನೋಡ್ತೀನಿ ಸರ್’, ‘ಟ್ರೈ ಮಾಡ್ತೀನಿ ಸರ್’ ಈ ಎರಡು ಮಾತು ಮಾತ್ರ ದಯವಿಟ್ಟು ಬಿಟ್ಟುಬಿಡಿ. ನೀವು ಅದನ್ನು ಮರ್ಯಾದೆಯಿಂದ ಇಲ್ಲ ಅನ್ನುವ ದಾರಿ ಅಂದುಕೊಂಡಿರುತ್ತೀರಿ. ಮ್ಯಾನೇಜರ್ ನಿಮ್ಮ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಟಿಕ್ ಹಾಕಿ ಬೇರೆಯವರಿಗೆ ಫೋನ್ ಮಾಡುವುದನ್ನು ನಿಲ್ಲಿಸಿರುತ್ತಾರೆ. ಹನ್ನೊಂದಕ್ಕೆ ನೀವು ಬರದಿದ್ದರೆ ಆಗ ಅವರಿಗೆ ನಿಜವಾಗಿ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲಿ ನ್ಯಾಯವೂ ಇರುತ್ತದೆ. ಸ್ಪಷ್ಟವಾಗಿ ‘ಆಗಲ್ಲ’ ಅನ್ನುವವರು ಮ್ಯಾನೇಜರ್‌ಗೆ ಉಪಕಾರ ಮಾಡುತ್ತಾರೆ.

ಸುಳ್ಳೂ ಬೇಡ. ‘ಊರಲ್ಲಿಲ್ಲ ಸರ್’ ಅಂದು ಸಂಜೆ ಮಂಡಿಪೇಟೆಯಲ್ಲಿ ಯಾರ ಕಣ್ಣಿಗಾದರೂ ಬಿದ್ದೇ ಬೀಳುತ್ತೀರಿ. ಆಮೇಲೆ ನಿಜವಾಗಿ ಕಷ್ಟ ಬಂದ ದಿನವೂ ನಂಬುವುದಿಲ್ಲ. ನಿಮ್ಮ ರಜೆ ನಿಮ್ಮದು ಅನ್ನುವುದೇ ನಿಜವಾದ ಕಾರಣ. ಮನೆಯಲ್ಲಿ ಕಾಲು ಚಾಚಿ ಮಲಗಿದ್ದರೂ ಅದು ರಜೆಯೇ. ಹತ್ತು ಗಂಟೆ ನಿಂತೇ ಇರುವ ಕಾಲು ವಾರಕ್ಕೊಂದು ದಿನ ಮಲಗಬೇಕು.

ಫೋನ್ ಎತ್ತದೇ ಇರಬಹುದಾ? ಖಂಡಿತ ಇರಬಹುದು. ನಿಮ್ಮ ಗೆಳತಿ ಮಾಡುತ್ತಿರುವುದು ತಪ್ಪಲ್ಲ. ಅವಳ ಮೇಲೆ ಬೇಸರ ಇಟ್ಟುಕೊಳ್ಳಬೇಡಿ. ಆದರೆ ನಿಮ್ಮ ಪತ್ರ ಓದಿದರೆ, ಎತ್ತದೆ ಬಿಟ್ಟ ಫೋನ್ ಇಡೀ ದಿನ ನಿಮ್ಮ ಹೊಟ್ಟೆಯಲ್ಲಿ ರಿಂಗ್ ಆಗುತ್ತಲೇ ಇರುತ್ತದೆ ಅನಿಸುತ್ತದೆ. ಅಂಥವರಿಗೆ ಮೆಸೇಜ್ ಒಳ್ಳೆಯದು. ಹತ್ತು ನಿಮಿಷ ಬಿಟ್ಟು ಅದೇ ಮೂರು ಮಾತು ವಾಟ್ಸಾಪ್‌ನಲ್ಲಿ ಕಳಿಸಿ, ಫೋನ್ ಸೈಲೆಂಟ್ ಮಾಡಿ ಒಳಗಿಡಿ. ಗ್ರೂಪ್‌ನಲ್ಲಿ ಹಾಕಬೇಡಿ, ಅವರಿಗೆ ಮಾತ್ರ ಕಳಿಸಿ. ನಾಲ್ಕು ಜನರ ಮುಂದೆ ‘ಆಗಲ್ಲ’ ಅನ್ನಿಸಿಕೊಳ್ಳುವುದು ಯಾವ ಮ್ಯಾನೇಜರ್‌ಗೂ ಇಷ್ಟ ಇಲ್ಲ.

ಇನ್ನೂ ಒಂದು ದಾರಿ ಇದೆ, ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಸೋಮವಾರ ರಾತ್ರಿ ಅಂಗಡಿ ಬಿಡುವಾಗ ನೀವೇ ಹೋಗಿ ಹೇಳಿ: ‘ಸರ್, ನಾಳೆ ನನ್ನ ಆಫ್. ಅಮ್ಮನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೀನಿ, ಫೋನ್ ಎತ್ತೋಕೆ ಆಗಲ್ಲ. ಬುಧವಾರ ಬರ್ತೀನಿ.’ ಇಲ್ಲಿ ಕಾರಣ ಹೇಳಬಹುದು, ತೊಂದರೆ ಇಲ್ಲ. ರಾತ್ರಿ ಒಂಬತ್ತಕ್ಕೆ ಅವರಿಗೆ ಅವಸರ ಇರುವುದಿಲ್ಲ, ಚೌಕಾಸಿ ಮಾಡುವ ಮನಸ್ಸೂ ಇರುವುದಿಲ್ಲ. ಬೇರೆಯವರನ್ನು ಕೇಳಲು ಹನ್ನೆರಡು ಗಂಟೆ ಸಮಯ ಇರುತ್ತದೆ. ಬೆಳಗ್ಗೆ ಹೆಬ್ಬೆರಳು ನಿಮ್ಮ ಹೆಸರಿನ ಮೇಲೆ ಬಂದಾಗ ‘ಅಯ್ಯೋ, ಅವಳು ನಿನ್ನೆಯೇ ಹೇಳಿದ್ದಳಲ್ಲ’ ಅಂತ ನೆನಪಾಗುತ್ತದೆ.

ಹಾಗಂತ ಯಾವತ್ತೂ ಹೋಗಲೇಬಾರದು ಅಂತ ನಾನು ಹೇಳುವುದಿಲ್ಲ. ಜೊತೆಯವರ ಮನೆಯಲ್ಲಿ ಸಾವಾಗಿರಬಹುದು. ಯಾರಿಗೋ ಆಕ್ಸಿಡೆಂಟ್ ಆಗಿರಬಹುದು. ನಾಳೆ ನಮಗೂ ಅಂಥ ದಿನ ಬರುತ್ತದೆ. ಅಥವಾ ನಿಮಗೇ ಆ ತಿಂಗಳು ಸ್ವಲ್ಪ ದುಡ್ಡು ಬೇಕಿರಬಹುದು, ಸ್ಕೂಲ್ ಫೀಸ್ ಕಟ್ಟುವುದು ಇರಬಹುದು. ಹೋಗಿ. ಆದರೆ ‘ಆಯ್ತು’ ಅನ್ನುವ ಮೊದಲು ಎರಡು ವಿಷಯ ಕೇಳಿ. ಇದಕ್ಕೆ ಬದಲಿ ರಜೆ ಯಾವ ದಿನ, ಅಥವಾ ಓಟಿ (ಹೆಚ್ಚುವರಿ ಕೆಲಸದ ದುಡ್ಡು) ಹಾಕುತ್ತೀರಾ? ಎಷ್ಟು ಗಂಟೆಯ ತನಕ? ‘ಆಮೇಲೆ ನೋಡೋಣ’ ಅಂದರೆ ಅದು ಯಾವತ್ತೂ ಬರುವುದಿಲ್ಲ, ನಿಮಗೇ ಅನುಭವ ಆಗಿದೆ. ಮನೆಯಿಂದ ಹೊರಡುವ ಮೊದಲು ಒಂದು ಮೆಸೇಜ್ ಹಾಕಿ: ‘ಸರ್, ನೀವು ಹೇಳಿದ ಹಾಗೆ ಇವತ್ತಿನ ಆಫ್ ಬಿಟ್ಟು ಡ್ಯೂಟಿಗೆ ಬರ್ತಿದ್ದೀನಿ. ಬದಲಿ ಆಫ್ ಶುಕ್ರವಾರ ಅಂತ ಹೇಳಿದ್ದೀರಿ.’ ಅಷ್ಟೇ ಸಾಕು. ಅದು ನಿಮ್ಮ ಬಳಿ ಇರುವ ಕಾಗದ.

ಹಾಜರಿಯ ವಿಷಯದಲ್ಲಿ ಮಾತ್ರ ನೀವು ಬಿಗಿಯಾಗಿ ಇರಬೇಕು. ಕೆಲವು ಕಡೆ ‘ಇವತ್ತು ಪಂಚ್ ಮಾಡಬೇಡ, ನಾನು ಬೇರೆ ಕಡೆ ಬರೆದುಕೊಳ್ಳುತ್ತೇನೆ’ ಅನ್ನುತ್ತಾರೆ. ಒಪ್ಪಬೇಡಿ. ಇಎಸ್‌ಐ ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ನಿಮ್ಮ ಸಂಬಳ ಅದರ 21,000ದ ಮಿತಿಯೊಳಗಿದೆ. ಅಂದರೆ ಇಎಸ್‌ಐ ಇರುತ್ತದೆ, ನಿಮ್ಮ ಸ್ಲಿಪ್‌ನಲ್ಲಿ ಕಡಿತ ಕಾಣಿಸುತ್ತದೆ, ನೋಡಿ. ಅಂಗಡಿಯ ಏಣಿಯಿಂದ ಬಿದ್ದರೂ, ಡ್ಯೂಟಿಗೆ ಬರುವ ದಾರಿಯಲ್ಲಿ ಅಪಘಾತ ಆದರೂ ಇಎಸ್‌ಐ ಇದೆ. ಆದರೆ ಹಾಜರಿಯೇ ಇಲ್ಲದ ದಿನ ಬಿದ್ದು ಕೈ ಮುರಿದರೆ, ‘ನಾನು ಡ್ಯೂಟಿ ಮೇಲಿದ್ದೆ’ ಅಂತ ತೋರಿಸಲು ಒದ್ದಾಡಬೇಕಾಗುತ್ತದೆ. ಬೆರಳು ಇಡದೆ ಒಳಗೆ ಕಾಲಿಡಬೇಡಿ.

ಇನ್ನು ಕಾನೂನು. ಇದನ್ನು ಮ್ಯಾನೇಜರ್ ಮುಖಕ್ಕೆ ಹಿಡಿಯಬೇಕು ಅಂತಲ್ಲ. ನಿಮ್ಮ ಬೆನ್ನ ಹಿಂದೆ ಏನಿದೆ ಅಂತ ಗೊತ್ತಿದ್ದರೆ ದನಿ ನಡುಗುವುದಿಲ್ಲ, ಅದಕ್ಕೆ.

ನಿಮ್ಮಂಥ ಅಂಗಡಿಗಳಿಗೆ 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ವಾರಕ್ಕೆ ಒಂದು ಇಡೀ ದಿನ ರಜೆ ಕೊಡಲೇಬೇಕು, ಆ ದಿನದ ಸಂಬಳ ಹಿಡಿಯುವ ಹಾಗಿಲ್ಲ. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಅದಕ್ಕಿಂತ ಜಾಸ್ತಿ ಆದರೆ ಓಟಿ, ಮಾಮೂಲಿ ಸಂಬಳದ ಎರಡರಷ್ಟು. ಓಟಿ ಸೇರಿ ದಿನಕ್ಕೆ 10 ಗಂಟೆ ದಾಟಬಾರದು. ಮೂರು ತಿಂಗಳಿಗೆ ಒಟ್ಟು ಓಟಿ 50 ಗಂಟೆ ದಾಟಬಾರದು. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕೆಲಸಗಾರರಿರುವ ಅಂಗಡಿಗಳಿಗೆ ದಿನಪೂರ್ತಿ ತೆರೆಯಲು ಅವಕಾಶ ಕೊಟ್ಟು 2021ರ ಜನವರಿಯಲ್ಲಿ ಸರ್ಕಾರ ಒಂದು ಆದೇಶ ಹೊರಡಿಸಿತು. ಆಗಲೂ ಈ ಷರತ್ತುಗಳನ್ನು ಸಡಿಲ ಮಾಡಲಿಲ್ಲ. ಎಲ್ಲರಿಗೂ ಸರದಿಯಂತೆ ವಾರದ ರಜೆ ಕೊಡಬೇಕು, ಇವತ್ತು ಯಾರು ರಜೆ ಅಂತ ಅಂಗಡಿಯಲ್ಲಿ ಕಾಣುವ ಹಾಗೆ ಹಾಕಬೇಕು ಅಂದಿತು. ಓಟಿ ತೋರಿಸದೆ ರಜೆ ದಿನ ಯಾರನ್ನಾದರೂ ದುಡಿಸಿದ್ದು ಕಂಡುಬಂದರೆ ಮಾಲೀಕರ ಮೇಲೆ, ಮ್ಯಾನೇಜರ್ ಮೇಲೆ ಕ್ರಮ ಅಂತಲೂ ಅದರಲ್ಲಿ ಬರೆದಿತ್ತು.

ನಿಮ್ಮ ಲೆಕ್ಕ ನಾನೇ ಹಾಕಿದೆ. 18,200ನ್ನು 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 700 ರೂಪಾಯಿ. ಎಂಟು ಗಂಟೆಯ ಡ್ಯೂಟಿ ಅಂದುಕೊಂಡರೆ ಗಂಟೆಗೆ 87 ರೂಪಾಯಿ 50 ಪೈಸೆ. ಆರು ದಿನದಲ್ಲೇ ನಿಮ್ಮ 48 ಗಂಟೆ ಮುಗಿದಿದೆ. ಹಾಗಾಗಿ ಬದಲಿ ರಜೆ ಇಲ್ಲದ ಮಂಗಳವಾರ ಪೂರ್ತಿ ಓಟಿ. ಗಂಟೆಗೆ 175ರಂತೆ ಒಂದು ಮಂಗಳವಾರಕ್ಕೆ 1,400. ಐದು ಮಂಗಳವಾರಕ್ಕೆ 7,000 ರೂಪಾಯಿ. ಇದು ತಿಂಗಳ ಸಂಬಳದ ಮೇಲೆ ಬರಬೇಕಾದ್ದು. ಗಂಟೆ ಲೆಕ್ಕ ನೋಡಿದರೆ ಈಗಾಗಲೇ 40 ಗಂಟೆ ಆಗಿದೆ. ಮೂರು ತಿಂಗಳ 50ರಲ್ಲಿ ಉಳಿದಿರುವುದು ಹತ್ತೇ. ಅಂದರೆ ಈ ತಿಂಗಳು ಇನ್ನು ಒಂದು ಮಂಗಳವಾರ ಮಾತ್ರ ನಿಮ್ಮನ್ನು ಕರೆಯಬಹುದು, ಅದೂ ನೀವು ಒಪ್ಪಿದರೆ, ಅದೂ ದುಡ್ಡು ಕೊಟ್ಟರೆ.

ಅಮ್ಮನ ತಪಾಸಣೆ ತಪ್ಪಿಸಿ ಹೋದ ಆ ದಿನಕ್ಕೂ 1,400 ಬರಬೇಕಿತ್ತು. ಬರಲಿಲ್ಲ.

ಹಬ್ಬದ ರಜೆಗಳದ್ದು ಬೇರೆ ಕಾಯ್ದೆ, 1963ರದ್ದು. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನ, ಜೊತೆಗೆ ಐದು ಹಬ್ಬದ ದಿನ. ಆ ದಿನ ಕೆಲಸಕ್ಕೆ ಕರೆದರೆ ಎರಡರಷ್ಟು ಸಂಬಳ, ಇಲ್ಲವೇ ಸಂಬಳದ ಜೊತೆ ಬದಲಿ ರಜೆ. ವೋಟಿನ ದಿನವೂ ಸಂಬಳ ಸಹಿತ ರಜೆ ಅನ್ನುವುದು ಚುನಾವಣಾ ಕಾನೂನಿನಲ್ಲೇ ಇದೆ.

ಯಜಮಾನರದ್ದು ಕಾರ್ಖಾನೆ. 2025ರ ನವೆಂಬರ್ 21ರಿಂದ ಕೇಂದ್ರದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪ್ರಕಾರವೂ ವಾರಕ್ಕೆ ಆರು ದಿನಕ್ಕಿಂತ ಜಾಸ್ತಿ ದುಡಿಸುವಂತಿಲ್ಲ. ಓಟಿಗೆ ಕೆಲಸಗಾರರ ಒಪ್ಪಿಗೆ ಬೇಕು, ಎರಡರಷ್ಟು ಸಂಬಳ ಕೊಡಬೇಕು. ವಾರದ ರಜೆ ತಪ್ಪಿದರೆ ಆ ತಿಂಗಳಲ್ಲೇ ಅಥವಾ ಮುಂದಿನ ಎರಡು ತಿಂಗಳ ಒಳಗೆ ಬದಲಿ ರಜೆ ಕೊಡಬೇಕು. ಅವರಿಗೂ ಒಂದು ಡೈರಿ ಇಟ್ಟುಕೊಳ್ಳಲು ಹೇಳಿ.

ಕೆಲಸ ಹೋದರೆ ಅನ್ನುವ ಭಯಕ್ಕೆ ಬರೋಣ. ಆರು ತಿಂಗಳು ದಾಟಿದ ಕೆಲಸಗಾರರನ್ನು ಅಂಗಡಿ ಕಾಯ್ದೆಯ 39ನೇ ಕಲಂ ಪ್ರಕಾರ ಸುಮ್ಮನೆ ತೆಗೆಯುವ ಹಾಗಿಲ್ಲ. ಸರಿಯಾದ ಕಾರಣ ಬೇಕು, ಒಂದು ತಿಂಗಳ ನೋಟಿಸ್ ಅಥವಾ ಅಷ್ಟು ಸಂಬಳ ಕೊಡಬೇಕು. ತೆಗೆದರೆ ಕಾರ್ಮಿಕ ಇಲಾಖೆಗೆ ಮೇಲ್ಮನವಿ ಹಾಕಬಹುದು. ತನ್ನ ವಾರದ ರಜೆ ತಾನು ಬಿಡಲಿಲ್ಲ ಅನ್ನುವುದು ಸರಿಯಾದ ಕಾರಣ ಆಗುವುದಿಲ್ಲ. ಆದರೆ ಕಾನೂನಿಗಿಂತ ದೊಡ್ಡ ಬಲ ನಿಮಗೆ ಬೇರೆ ಇದೆ. ನಾಲ್ಕು ವರ್ಷ ಸೀರೆ ಸೆಕ್ಷನ್‌ನಲ್ಲಿ ಇದ್ದೀರಿ. ಮದುವೆ ಮನೆಯ ಹತ್ತು ಜನ ಒಟ್ಟಿಗೆ ಬಂದು ಕೂತರೆ ದುಡ್ಡು ಕೊಡುವವರು ಯಾರು, ಆರಿಸುವವರು ಯಾರು ಅಂತ ನಿಮಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಧಾರೆ ಸೀರೆಗೆ ಯಾವ ರ‍್ಯಾಕ್, ಉಡುಗೊರೆ ಸೀರೆಗೆ ಯಾವ ರ‍್ಯಾಕ್ ಅಂತ ಕಣ್ಣು ಮುಚ್ಚಿ ಹೇಳುತ್ತೀರಿ. ಹೊಸಬರಿಗೆ ಇದು ಬರಲು ಕಡಿಮೆ ಅಂದರೂ ಒಂದು ಸೀಸನ್ ಬೇಕು. ಅಂಥವರನ್ನು ಒಂದು ಮಂಗಳವಾರಕ್ಕೋಸ್ಕರ ಯಾವ ಮಾಲೀಕರೂ ಕಳೆದುಕೊಳ್ಳುವುದಿಲ್ಲ. ನಾನು ಹತ್ತೊಂಬತ್ತು ವರ್ಷದಲ್ಲಿ ಕೆಲಸದಿಂದ ತೆಗೆದವರಲ್ಲಿ ಆಫ್ ದಿನ ಬರಲಿಲ್ಲ ಅಂತ ತೆಗೆದವರು ಒಬ್ಬರೂ ಇಲ್ಲ.

ಆದರೆ ಸಣ್ಣ ಸಣ್ಣ ಸಿಟ್ಟು ಇರಬಹುದು, ಅದನ್ನು ಮುಚ್ಚಿಡುವುದಿಲ್ಲ. ಎರಡು ದಿನ ಮುಖ ಊದಿಸಿಕೊಳ್ಳಬಹುದು. ರೇಷ್ಮೆ ಕೌಂಟರ್‌ನಿಂದ ಕಾಟನ್‌ಗೆ ಹಾಕಬಹುದು. ಇನ್ಸೆಂಟಿವ್ ಇರುವ ಕಡೆ ಅದು ದುಡ್ಡಿನ ಪೆಟ್ಟೇ. ಎರಡು ವಾರ ತಡೆದುಕೊಳ್ಳಿ, ತಾರೀಕು ಬರೆದಿಡಿ. ಸಾಮಾನ್ಯವಾಗಿ ಅಷ್ಟರಲ್ಲಿ ತಣ್ಣಗಾಗುತ್ತದೆ. ನಿಮ್ಮ ‘ಆಗಲ್ಲ’ ಒಂದು ಸಲದ್ದಲ್ಲ, ಮುಂದೆಯೂ ಹೀಗೇ ಅಂತ ಗೊತ್ತಾದ ಮೇಲೆ ಅವರೂ ಲೆಕ್ಕ ಬದಲಾಯಿಸುತ್ತಾರೆ. ತಣ್ಣಗಾಗದಿದ್ದರೆ ಮಾತಾಡಬೇಕು.

ಹೇಗೂ ಒಂದು ಸಲ ಕೂತು ಮಾತಾಡಲೇಬೇಕು. ಫೋನಿನಲ್ಲಿ ಬೇಡ, ಮಂಗಳವಾರವೂ ಬೇಡ. ಬುಧವಾರವೋ ಗುರುವಾರವೋ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಗಿರಾಕಿ ಕಡಿಮೆ ಇರುವಾಗ. ಕೈಯಲ್ಲಿ ಒಂದು ಚೀಟಿ ಇರಲಿ. ಐದು ತಾರೀಕು, ಬಂದ ಸಮಯ, ಹೋದ ಸಮಯ. ‘ಸರ್, ಈ ಐದು ಆಫ್‌ನಲ್ಲಿ ನಾನು ಬಂದಿದ್ದೀನಿ. ಬದಲಿ ಆಫ್ ಯಾವಾಗ ತಗೊಳ್ಳಲಿ? ಇಲ್ಲ ಅಂದ್ರೆ ಓಟಿ ಹಾಕಿಸಿಕೊಡಿ.’ ಹಿಂದಿನ ಸಿಟ್ಟೆಲ್ಲ ತೆಗೆಯಬೇಡಿ. ಚೀಟಿ ಅವರ ಮೇಜಿನ ಮೇಲೆ ಇಟ್ಟು ಬನ್ನಿ, ಇನ್ನೊಂದು ನಿಮ್ಮ ಬಳಿ ಇರಲಿ. ಅವರಿಗೂ ಮೇಲಿನವರ ಹತ್ತಿರ ಕೇಳಲು ಒಂದು ಕಾಗದ ಬೇಕಾಗುತ್ತದೆ.

ಸಾಧ್ಯವಾದರೆ ನಿಮ್ಮ ಸೆಕ್ಷನ್‌ನ ಇನ್ನಿಬ್ಬರನ್ನು ಕರೆದುಕೊಂಡು ಹೋಗಿ, ಆ ಗೆಳತಿಯನ್ನೂ ಸೇರಿಸಿ. ಹೋಗಿ ಈ ಮಾತು ಹೇಳಿ. ಪ್ರತಿ ವಾರ ‘ಕರೆದರೆ ಬರುತ್ತೇವೆ’ ಅನ್ನುವ ಇಬ್ಬರ ಹೆಸರು ಮೊದಲೇ ಚಾರ್ಟ್‌ನಲ್ಲಿ ಬರೆಯಲಿ, ಸರದಿಯ ಮೇಲೆ, ಓಟಿ ಸಹಿತ. ಉಳಿದವರಿಗೆ ಫೋನ್ ಇಲ್ಲ. ಅಕ್ಷತೆ ಕಾಳು ನೋಡಿದ ಮೇಲೆ ನಾನು ಮಾಡಿದ್ದು ಇದನ್ನೇ. ದುಡ್ಡು ಬೇಕಾದವರು ತಾವಾಗಿ ಹೆಸರು ಕೊಡುತ್ತಿದ್ದರು, ಬೇಡದವರು ನೆಮ್ಮದಿಯಾಗಿ ಮಲಗುತ್ತಿದ್ದರು. ನನ್ನ ಬೆಳಗಿನ ತಲೆನೋವೂ ಕಡಿಮೆಯಾಯಿತು.

ಅಸಲಿ ರೋಗ ಇರುವುದು ಚಾರ್ಟ್‌ನಲ್ಲೇ. ಹದಿನೆಂಟು ಜನರ ಫ್ಲೋರ್ ಅಂದುಕೊಳ್ಳಿ. ದಿನಕ್ಕೆ ಮೂರು ಜನ ಆಫ್, ಉಳಿದವರು ಹದಿನೈದು. ಕೆಲಸಕ್ಕೆ ಬೇಕಾದವರೂ ಹದಿನೈದೇ. ಒಬ್ಬರಿಗೆ ಜ್ವರ ಬಂದರೂ ಕೊರತೆ. ಜ್ವರ ಯಾರಿಗೂ ಹೇಳಿ ಬರುವುದಿಲ್ಲ, ಆದರೆ ಹದಿನೆಂಟು ಜನರಲ್ಲಿ ಯಾರಿಗಾದರೂ ಬರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಇಬ್ಬರು ಜಾಸ್ತಿ ಇಟ್ಟುಕೊಂಡರೆ, ಅಥವಾ ವರಮಹಾಲಕ್ಷ್ಮಿಯಿಂದ ದೀಪಾವಳಿ ತನಕ ಕಾಲೇಜು ಮಕ್ಕಳನ್ನು ಪಾರ್ಟ್ ಟೈಮ್ ತೆಗೆದುಕೊಂಡರೆ ಈ ಫೋನೇ ಬೇಕಾಗುವುದಿಲ್ಲ. ಆ ಇಬ್ಬರ ಸಂಬಳ ಉಳಿಸಿದ್ದಕ್ಕೆ ನಿಮ್ಮ ಮಂಗಳವಾರ ಹೋಗುತ್ತಿದೆ. ಇದನ್ನು ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಮಾಲೀಕರ ಕಡೆಯಿಂದ ಎಷ್ಟೋ ಸಲ ಆ ಚಾರ್ಟ್ ಹಾಕಿದವಳು ನಾನೇ.

ಮಾತಾಡಿಯೂ ಏನೂ ಆಗದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ದೂರು ಕೊಡಬಹುದು. ಇಲಾಖೆಯ ಸಹಾಯವಾಣಿ 155214. ಮೊದಲು ಫೋನ್ ಮಾಡಿ ಸಲಹೆ ಮಾತ್ರ ಕೇಳಿದರೂ ಆಯಿತು. ಹೋಗುವಾಗ ಸಂಬಳದ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್, ಆ ಮೆಸೇಜ್‌ಗಳು, ಚೀಟಿ ಇರಲಿ. ನೇಮಕಾತಿ ಪತ್ರ ಇದೆಯಾ ನೋಡಿ. ಕೆಲಸಕ್ಕೆ ಸೇರಿದ ಮೂವತ್ತು ದಿನದೊಳಗೆ ಕೊಡಬೇಕು ಅಂತ ನಿಯಮ ಇದೆ. ಎಷ್ಟೋ ಅಂಗಡಿಗಳಲ್ಲಿ ಕೊಟ್ಟೇ ಇರುವುದಿಲ್ಲ.

ನಿಮ್ಮ ಪತ್ರದ ಸಾಲುಗಳ ನಡುವೆ ಒಂದು ತಪ್ಪಿತಸ್ಥ ಭಾವ ಇದೆ, ‘ಹೋಗದಿದ್ದರೆ ನಾನು ಸರಿ ಇಲ್ಲ’ ಅನ್ನುವ ಹಾಗೆ. ಅದು ಬೇಡ ತಂಗಿ. ವಾರದ ರಜೆ ಯಾರೋ ಪ್ರೀತಿಯಿಂದ ಕೊಟ್ಟ ಬಳುವಳಿ ಅಲ್ಲ. ಮುಂಬೈನ ಬಟ್ಟೆ ಗಿರಣಿಗಳಲ್ಲಿ ವಾರವಿಡೀ ದುಡಿಯುತ್ತಿದ್ದ ಜನರನ್ನು ಕಟ್ಟಿಕೊಂಡು ನಾರಾಯಣ ಮೇಘಾಜಿ ಲೋಖಂಡೆ ಅವರು ವರ್ಷಗಟ್ಟಲೆ ಹೋರಾಡಿದರು. ಕಡೆಗೆ 1890ರ ಜೂನ್ 10ರಂದು ಗಿರಣಿ ಮಾಲೀಕರು ಭಾನುವಾರದ ರಜೆಗೆ ಒಪ್ಪಿದರು. ಅದೂ ಬಟ್ಟೆಯ ಕೆಲಸವೇ, ನಿಮ್ಮದೂ ಬಟ್ಟೆಯ ಕೆಲಸವೇ. ಆಗ ರಜೆ ದಿನ ಕೆಲಸಗಾರರನ್ನು ಕರೆಯಲು ಮನೆ ಬಾಗಿಲಿಗೆ ಬರಬೇಕಿತ್ತು. ಈಗ ಜೇಬಿನಲ್ಲೇ ಫೋನ್ ಇದೆ. ಅದಕ್ಕೇ ಫ್ರಾನ್ಸ್‌ನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟ್‌ನಿಂದ, ಕೆಲಸದ ಹೊತ್ತು ಮುಗಿದ ಮೇಲೆ ಬರುವ ಫೋನ್‌ಗಳಿಂದ ದೂರ ಇರುವ ಹಕ್ಕನ್ನು ಕಾನೂನಿನಲ್ಲೇ ಬರೆದಿದ್ದಾರೆ. ನಮ್ಮಲ್ಲಿ ಇನ್ನೂ ಅಂಥ ಕಾನೂನು ಬಂದಿಲ್ಲ. ಆದರೆ ವಾರದ ರಜೆಯ ಕಾನೂನು ಇದೆಯಲ್ಲ, ಸದ್ಯಕ್ಕೆ ಅದನ್ನಾದರೂ ಗಟ್ಟಿಯಾಗಿ ಹಿಡಿದುಕೊಳ್ಳೋಣ.

ಈಗ ಒಂದು ಕೆಲಸ ಮಾಡಿ. ಅಮ್ಮನ ಆಸ್ಪತ್ರೆ ಚೀಟಿ ತೆಗೆದು ಮುಂದಿನ ತಪಾಸಣೆ ಯಾವತ್ತು ಅಂತ ನೋಡಿ. ಮಂಗಳವಾರವೇ ಆಗಿದ್ದರೆ ಸೋಮವಾರ ರಾತ್ರಿ ಶಟರ್ ಎಳೆಯುವ ಮೊದಲು ಸರ್‌ಗೆ ಹೇಳಿಬಿಡಿ. ಬೆಳಗ್ಗೆ ಫೋನ್ ಬಂದರೂ ಎತ್ತಬೇಡಿ. ಆಸ್ಪತ್ರೆಯಲ್ಲಿ ಕಣ್ಣಿಗೆ ಡ್ರಾಪ್ಸ್ ಹಾಕಿ ಕೂರಿಸಿದರೆ ಸ್ವಲ್ಪ ಹೊತ್ತು ಎಲ್ಲ ಮಂಜು ಮಂಜು. ಮೆಟ್ಟಿಲು ಇಳಿಯುವಾಗ ಅಮ್ಮನ ಕೈ ಹಿಡಿದುಕೊಳ್ಳಲು ಈ ಸಲ ನೀವೇ ಇರಿ.